ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಾರ್ಫಿನ್ ಮಾತ್ರೆಯೂ ಕ್ವಾರ್ಟರ್ ಬಾಟಲಿಯೂ

ಗುಣಪಡಿಸುವ ಹಂತ ದಾಟಿದ ಕ್ಯಾನ್ಸರ್ ರೋಗಿಯನ್ನು ಮನೆಯಲ್ಲೇ ನೋವಿಲ್ಲದಂತೆ ನೋಡಿಕೊಳ್ಳುವ ಬಗೆ ಹೇಗೆಂದು ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹಲವು ನಾನು ಬರೆಯದೇ ಬಿಟ್ಟ ವಿಷಯವನ್ನೇ ಕೇಳಿದ್ದವು. ಆ ವಿಷಯ ಕುಡಿತ. ಹೆಚ್ಚಿನವರು ಹೆಸರು ಹಾಕಿರಲಿಲ್ಲ, ಹಾಕಿದವರು ಪ್ರಕಟಿಸಬೇಡಿ ಎಂದು ಕೋರಿದ್ದರು. ಐದು ಪತ್ರಗಳನ್ನು ಆರಿಸಿಕೊಂಡು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ತಂದೆಗೆ ನಾಲಿಗೆಯ ಕ್ಯಾನ್ಸರ್. ಆಪರೇಷನ್ ಆಗಿ, ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿದ್ದೂ ಆದ ಮೇಲೆ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟು ಕಳುಹಿಸಿದರು. ಮೂವತ್ತು ವರ್ಷಗಳಿಂದ ದಿನಕ್ಕೊಂದು ಕ್ವಾರ್ಟರ್ ಕುಡಿಯುತ್ತಿದ್ದವರಿಗೆ ಮನೆಗೆ ಬಂದ ದಿನದಿಂದ ಒಂದು ಹನಿಯೂ ಸಿಗದಂತೆ ನೋಡಿಕೊಂಡೆವು. ಮೂರನೆಯ ರಾತ್ರಿ ಮೈಯೆಲ್ಲ ಬೆವೆತು, ಕೈ ನಡುಗಿ, ಗೋಡೆಯ ಮೇಲೆ ಇರುವೆ ಸಾಲು ಹತ್ತಿದೆ ಎಂದು ಟವೆಲಿನಿಂದ ಒರೆಸತೊಡಗಿದರು. ತೀರಿಹೋದ ದೊಡ್ಡಪ್ಪನನ್ನು ಕರೆದು ಮಾತನಾಡಿಸಿದರು. ಇದು ಮಾರ್ಫಿನ್ ನಶೆ ಎಂದು ಎಲ್ಲರೂ ಹೇಳಿದ್ದರಿಂದ ಮಾತ್ರೆ ನಿಲ್ಲಿಸಿದೆವು. ಈಗ ನೋವಿನಿಂದ ಕೂಗುತ್ತಾರೆ. ಮಾಲೆ ಹಾಕಿದಾಗಲೆಲ್ಲ 48 ದಿನ ಮುಟ್ಟದೆ ಇದ್ದವರಿಗೆ ಈಗೇಕೆ ಹೀಗಾಯಿತು?
— ಮಗಳು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಅದರಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ತಕ್ಷಣ ಮಾಡಬೇಕಾದುದನ್ನು ತಿಳಿಸಿದ್ದೇನೆ. ಇಂಥದೇ ಸ್ಥಿತಿಯಲ್ಲಿರಬಹುದಾದ ಇತರ ಮನೆಗಳಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. 'ದಿನಾ ಒಂದೇ ಒಂದು ಕ್ವಾರ್ಟರ್' ಎಂದು ಮನೆಯವರು ಹಗುರವಾಗಿ ಹೇಳುವ ಈ ಪ್ರಮಾಣ, ವೈದ್ಯರ ಅಳತೆಯಲ್ಲಿ ಆರು ಪೆಗ್ಗಿನಷ್ಟಾಗುತ್ತದೆ. ಮದ್ಯಸಾರ ಮೆದುಳನ್ನು ಮಂಕಾಗಿಸುತ್ತದೆ. ಮೂವತ್ತು ವರ್ಷ ಪ್ರತಿದಿನ ಮಂಕಾಗಿಸಿಕೊಂಡ ಮೆದುಳು ಆ ಒತ್ತಡವನ್ನು ಸರಿತೂಗಿಸಲು ಸದಾ ಹುರಿಗೊಂಡೇ ಇರುವುದನ್ನು ಕಲಿತಿರುತ್ತದೆ. ಒತ್ತಡವನ್ನು ಒಮ್ಮೆಲೇ ತೆಗೆದರೆ ಹುರಿಗೊಂಡ ಮೆದುಳು ಕೆರಳುತ್ತದೆ. ಕೊನೆಯ ಬಾರಿ ಕುಡಿದು 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕುತಪ್ಪುವುದು, ಇಲ್ಲದ್ದು ಕಾಣುವುದು, ಸತ್ತವರೊಡನೆ ಮಾತನಾಡುವುದು ಬರುತ್ತದೆ. ಗೋಡೆಯ ಮೇಲಿನ ಇರುವೆ ಸಾಲು ಮೂರನೆಯ ರಾತ್ರಿಯೇ ಕಂಡದ್ದು ಕಾಕತಾಳೀಯವಲ್ಲ.

ಮಾಲೆಯ ಮಾತು ಹಲವು ಮನೆಗಳಲ್ಲಿ ಕೇಳುತ್ತೇನೆ; 'ಮನಸ್ಸು ಮಾಡಿದರೆ ಬಿಡಬಲ್ಲರು, ಮನಸ್ಸಿಲ್ಲ ಅಷ್ಟೇ' ಎಂಬ ತೀರ್ಪು ಅದರ ಹಿಂದಿರುತ್ತದೆ. ಆಗ ಅವರಿಗೆ ವಯಸ್ಸು ಕಡಿಮೆಯಿತ್ತು, ಹೊಟ್ಟೆತುಂಬ ಊಟವಿತ್ತು, ವ್ರತಕ್ಕೆ ಮುಂಚೆ ತಾವೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬಂದಿರಲೂಬಹುದು. ಈಗ ತಿಂಗಳುಗಟ್ಟಲೆ ಗಂಜಿಯ ಮೇಲೆ ಬದುಕಿರುವ, ತೂಕ ಇಳಿದ, ಸೋಂಕಿರುವ ದೇಹ. ಅದಲ್ಲದೆ ಬಿಟ್ಟು ಮತ್ತೆ ಹಿಡಿದು, ಮತ್ತೆ ಬಿಟ್ಟು ಬಂದವರಲ್ಲಿ ಪ್ರತಿ ಸಲದ ಲಕ್ಷಣಗಳು ಹಿಂದಿನದಕ್ಕಿಂತ ಉಗ್ರವಾಗುವ ಸಂಭವ ಹೆಚ್ಚು.

ಮಾರ್ಫಿನ್ ಅತಿಯಾದರೂ ಗೊಂದಲ ಉಂಟಾಗುತ್ತದೆ, ನಿಜ. ಆದರೆ ಅಂಥ ರೋಗಿ ಸಾಮಾನ್ಯವಾಗಿ ತೂಕಡಿಸುತ್ತಾನೆ, ಉಸಿರು ನಿಧಾನವಾಗುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ, ಕೈಕಾಲು ಆಗಾಗ ಜಗ್ಗಿದಂತಾಗುತ್ತದೆ. ಕುಡಿತ ನಿಂತು ಹೀಗಾದವನು ಕಣ್ಣು ಅಗಲಿಸಿ ಎಚ್ಚರವಾಗಿಯೇ ಇರುತ್ತಾನೆ. ಬೆವರುತ್ತಾನೆ, ನಾಡಿ ಓಡುತ್ತದೆ. ಇವೆರಡೇ ಕಾರಣಗಳೂ ಅಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು, ಯಕೃತ್ತು ಸೋತಿರಬಹುದು, ಮೂತ್ರ ಕಟ್ಟಿರಬಹುದು, ಎಂಟು ದಿನ ಮಲವಿಸರ್ಜನೆ ಆಗದಿರಬಹುದು. ಆದ್ದರಿಂದ ವೈದ್ಯರು ನೋಡಲೇಬೇಕು. ಮಾತ್ರೆಯನ್ನು ತಟ್ಟನೆ ನಿಲ್ಲಿಸಿದ್ದರಿಂದ ಅವರಿಗೆ ನೋವು ಮರಳಿತು. ಜೊತೆಗೆ ಮಾರ್ಫಿನ್ ಬಿಟ್ಟ ಚಡಪಡಿಕೆಯೂ ಕುಡಿತ ಬಿಟ್ಟದ್ದರ ಮೇಲೆ ಸೇರಿಕೊಂಡಿತು. ಮಾತ್ರೆ ನಿಲ್ಲಿಸಿದ್ದು ತಪ್ಪೇ ಎಂದರೆ ಹೌದು, ಆದರೆ ನಿಮ್ಮಿಂದ ಆ ತಪ್ಪಾಗುವ ಹಾಗೆ ಬಿಟ್ಟವರು ನಾವು, ಮಾತ್ರೆ ಬರೆದುಕೊಡುವಾಗ 'ಕುಡಿಯುತ್ತಾರೆಯೇ, ಎಷ್ಟು, ಕೊನೆಯ ಸಲ ಯಾವಾಗ' ಎಂಬ ಮೂರು ಮಾತು ಕೇಳದ ವೈದ್ಯರು.

ಇಂಥ ಸ್ಥಿತಿಗೆ ಆಸ್ಪತ್ರೆಯಲ್ಲಿ ಕೆಲವು ದಿನಗಳ ಚಿಕಿತ್ಸೆ ಬೇಕು. ಕೆರಳಿದ ಮೆದುಳನ್ನು ಶಾಂತಗೊಳಿಸುವ ಕ್ಲೋರ್‌ಡಯಾಜೆಪಾಕ್ಸೈಡ್, ಯಕೃತ್ತು ದುರ್ಬಲವಾಗಿದ್ದರೆ ಲೋರಾಜೆಪಾಮ್ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಮಾರ್ಫಿನ್ ಜೊತೆಗೆ ಇವು ಉಸಿರಾಟವನ್ನು ಕುಗ್ಗಿಸಬಲ್ಲವು, ಹಾಗಾಗಿ ಮೆಡಿಕಲ್ ಶಾಪಿನಿಂದ ನಿದ್ದೆಗುಳಿಗೆ ತಂದು ಮನೆಯಲ್ಲಿ ಪ್ರಯೋಗ ಮಾಡಬಾರದು. ಇನ್ನೊಂದು ಸಂಗತಿಯನ್ನು ಮನೆಯವರೇ ನೆನಪಿಸಬೇಕಾಗುತ್ತದೆ. 'ಸುಸ್ತಾಗಿದ್ದಾರೆ, ಒಂದು ಬಾಟಲಿ ಗ್ಲೂಕೋಸ್ ಹಾಕಿ' ಎಂದು ಕೇಳುವುದು ನಮ್ಮಲ್ಲಿ ರೂಢಿ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಥಯಾಮಿನ್ ಸೂಜಿ ಮೊದಲು, ಗ್ಲೂಕೋಸ್ ಆಮೇಲೆ. ರೋಗಿ ಕುಡಿಯುವವರೆಂದು ನೀವು ಬಾಯಿಬಿಟ್ಟು ಹೇಳಿದರೆ ಮಾತ್ರ ಈ ಕ್ರಮ ಪಾಲನೆಯಾಗುತ್ತದೆ.

ಅಣ್ಣನಿಗೆ ಅನ್ನನಾಳದ ಕ್ಯಾನ್ಸರ್. ಮೂಗಿನ ನಳಿಕೆಯಿಂದಲೇ ಆಹಾರ. ಸಂಜೆಯಾದರೆ ಕುಡಿಯಲು ಬೇಕೆಂದು ಸನ್ನೆ ಮಾಡುತ್ತಾನೆ. 'ಇನ್ನೆಷ್ಟು ದಿನ ಇರುತ್ತಾನೆ, ಕೇಳಿದ್ದನ್ನು ಕೊಟ್ಟುಬಿಡಿ' ಎಂದು ಭಾವ ಹೇಳುತ್ತಾರೆ. ಅತ್ತಿಗೆ ಮಾತ್ರ, 'ಬದುಕೆಲ್ಲ ಹಾಳು ಮಾಡಿದ್ದನ್ನು ಸಾಯುವಾಗಲೂ ನನ್ನ ಕೈಯಿಂದಲೇ ಹಾಕಿಸುತ್ತೀರಾ' ಎಂದು ಅಳುತ್ತಾರೆ. ಯಾರ ಮಾತು ಸರಿ?
— ತಮ್ಮ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಭಾವನ ಮಾತನ್ನು ಹೃದಯಹೀನ ಎಂದು ತಳ್ಳಿಹಾಕುವಂತಿಲ್ಲ. ನೋವಿಗೆ ವೈದ್ಯರೇ ಮದ್ಯ ಕೊಡುತ್ತಿದ್ದ ಕಾಲವೊಂದಿತ್ತು. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಹೆಸರಿನಲ್ಲಿ ಪ್ರಸಿದ್ಧವಾದ ನೋವಿನ ಮಿಶ್ರಣದಲ್ಲಿ ಮಾರ್ಫಿನ್ ಅಥವಾ ಹೆರಾಯಿನ್ ಜೊತೆಗೆ ಕೊಕೇನ್ ಮತ್ತು ಮದ್ಯ ಸೇರಿರುತ್ತಿದ್ದವು. 1967ರಲ್ಲಿ ವೈದ್ಯೆ ಸಿಸಿಲಿ ಸಾಂಡರ್ಸ್ ಅದೇ ನಗರದಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಮೇಲೆ ಅಲ್ಲಿ ನಡೆದ ಅಧ್ಯಯನಗಳು, ಬಾಯಿಯಿಂದ ಕೊಡುವ ಬರಿಯ ಮಾರ್ಫಿನ್ ಹೊತ್ತುಹೊತ್ತಿಗೆ ಸರಿಯಾಗಿ ಸಿಕ್ಕರೆ ಈ ಕಲಬೆರಕೆಯ ಅಗತ್ಯವೇ ಇಲ್ಲವೆಂದು ತೋರಿಸಿಕೊಟ್ಟವು. ಮದ್ಯ ನೋವನ್ನು ಒಂದೆರಡು ಗಂಟೆ ಮರೆಸುತ್ತದೆ. ಆಮೇಲೆ ನಿದ್ದೆಯನ್ನು ಮುರಿದು, ನೋವನ್ನು ಹಾಗೆಯೇ ವಾಪಸು ಕೊಡುತ್ತದೆ.

ಹಾಗಾದರೆ ಎಂದೂ ಕೊಡಲೇಬಾರದೇ? ನನ್ನ ಅಭಿಪ್ರಾಯ ಹೇಳುತ್ತೇನೆ, ಎಲ್ಲ ವೈದ್ಯರೂ ಇದನ್ನು ಒಪ್ಪದಿರಬಹುದು. ವ್ಯಸನವಿಲ್ಲದ, ಎಚ್ಚರ ಚೆನ್ನಾಗಿರುವ ರೋಗಿ ಹಬ್ಬಕ್ಕೆ ಬಂದ ಗೆಳೆಯರ ಜೊತೆ ಒಂದಿಷ್ಟು ಬಾಯಿಗೆ ಹಾಕಿಕೊಂಡರೆ ನಾನು ಗಲಾಟೆ ಮಾಡುವುದಿಲ್ಲ. ದಿನವೂ ಕುಡಿಯುತ್ತಿದ್ದು, ಇನ್ನು ಕೆಲವೇ ದಿನ ಉಳಿದಿರುವವರಲ್ಲಿ ಬಲವಂತವಾಗಿ ನಿಲ್ಲಿಸುವುದಕ್ಕಿಂತ ಅಳತೆ ಮಾಡಿ ಮುಂದುವರಿಸುವುದೇ ಕೆಲವೊಮ್ಮೆ ಕಡಿಮೆ ಹಿಂಸೆಯದು. ಅದನ್ನು ಮಾತ್ರ ಚಿಕಿತ್ಸೆ ನೀಡುವ ತಂಡದೊಡನೆ ಮಾತನಾಡಿಯೇ ನಿರ್ಧರಿಸಬೇಕು. ಯಕೃತ್ತು ಕೆಟ್ಟಿದ್ದರೆ, ರಕ್ತ ವಾಂತಿಯಾಗಿದ್ದರೆ, ಈಗಾಗಲೇ ತೂಕಡಿಸುತ್ತಿದ್ದರೆ, ಮಾರ್ಫಿನ್ ಮೇಲೆ ನಿದ್ದೆಗುಳಿಗೆಯೂ ನಡೆಯುತ್ತಿದ್ದರೆ ಬೇಡವೇ ಬೇಡ. ಗಡ್ಡೆ ಹುಣ್ಣಾಗಿ ವಾಸನೆ ಬರುವವರಿಗೆ ಮೆಟ್ರೊನಿಡಜೋಲ್ ಕೊಡುತ್ತೇವೆ; ಅದು ನಡೆಯುವಾಗ ಮದ್ಯ ಕೂಡದೆಂಬ ಎಚ್ಚರಿಕೆಯೂ ಹಿಂದಿನಿಂದ ಇದೆ.

ಆದರೆ ಕೊಡಬೇಕೇ ಬೇಡವೇ ಎಂದು ಜಗಳಕ್ಕಿಳಿಯುವ ಮೊದಲು, ಅಣ್ಣ ಏಕೆ ಕೇಳುತ್ತಿದ್ದಾರೆಂದು ತಿಳಿಯಿರಿ. ಕೆಲವು ವರ್ಷಗಳ ಹಿಂದೆ ಮನೆಭೇಟಿಗೆ ಹೋಗಿದ್ದಾಗ ಕಂಡದ್ದನ್ನು ಹೇಳುತ್ತೇನೆ. ನಳಿಕೆಯಿಂದ ಆಹಾರ ಪಡೆಯುತ್ತಿದ್ದ ರೋಗಿ, ಒಂದು ತೊಟ್ಟು ನೀರನ್ನೂ ನುಂಗಲಾರರು. ಗಂಜಿ ಹಾಕುವ ದೊಡ್ಡ ಸಿರಿಂಜನ್ನು ತೊಳೆಯಲು ತೆಗೆದುಕೊಂಡ ನಮ್ಮ ನರ್ಸ್ ಅದನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ನನಗೆ ಚಾಚಿದರು. ಹಾಸಿಗೆಯ ಕೆಳಗೆ, ಮೂಲೆಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ 90 ಮಿ.ಲೀ.ನ ಟೆಟ್ರಾ ಪ್ಯಾಕುಗಳು ಒಂದರೊಳಗೊಂದು ಮಡಚಿದ್ದವು. ಹದಿನೈದು ವರ್ಷದ ಮಗ ರಾತ್ರಿ ಹತ್ತಕ್ಕೆ ನಳಿಕೆಗೆ ಸುರಿದು, ಮೇಲೆ ರಾಗಿ ಗಂಜಿ ಹಾಕಿ ಮಲಗುತ್ತಿದ್ದ. ರುಚಿಯೂ ಇಲ್ಲ, ಗಂಟಲಿಗೆ ಬಿಸಿಯೂ ತಾಗುವುದಿಲ್ಲ, ಮತ್ತೇಕೆ ಎಂದು ಕೇಳಿದೆ. ಅವರು ಸ್ಲೇಟಿನ ಮೇಲೆ ಬರೆದರು: 'ಎರಡು ಗಂಟೆಗೆ ಎದ್ದರೆ ಬೆಳಗಾಗುವುದೇ ಇಲ್ಲ.' ಮಾರ್ಫಿನ್ ಮಾತ್ರೆಯನ್ನು ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಕೊಡುವುದು ವಾಡಿಕೆ. ರಾತ್ರಿ ಎರಡಕ್ಕೆ ಎಬ್ಬಿಸಬೇಕಾಗದಿರಲೆಂದು ಹತ್ತರ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತೇವೆ. ಆ ಮನೆಯಲ್ಲಿ ಅದು ಬಿಟ್ಟುಹೋಗಿತ್ತು. ಮದ್ಯದೊಂದಿಗೆ ದುಪ್ಪಟ್ಟು ಮಾರ್ಫಿನ್ ಅಪಾಯವೆಂದು ನಾಲ್ಕು ದಿನ ಒಳರೋಗಿಯಾಗಿ ಇಟ್ಟುಕೊಂಡು, ನಡುಕಕ್ಕೆ ಔಷಧ ಕೊಟ್ಟು, ರಾತ್ರಿಯ ಪ್ರಮಾಣ ಸರಿಪಡಿಸಿದೆವು. ಆಮೇಲೂ ಅವರು ಒಂದೆರಡು ಸಲ ಕೇಳಿದರಂತೆ, ಪ್ರತಿರಾತ್ರಿ ಕೇಳಲಿಲ್ಲ.

ಅತ್ತಿಗೆಯವರ ಬಗ್ಗೆ ಒಂದು ಮಾತು. ಅವರು ಒಪ್ಪದಿದ್ದರೆ ಅವರ ಕೈಯಿಂದ ಯಾರೂ ಸುರಿಸಬಾರದು. ಗಂಡನ ಕುಡಿತದಲ್ಲಿ ಮೂಗುತಿಯನ್ನೂ ಅಡವಿಟ್ಟ ಹೆಣ್ಣುಮಗಳಿಗೆ 'ಕೊನೆಗಾಲದಲ್ಲಿ ದೊಡ್ಡಮನಸ್ಸು ಮಾಡಮ್ಮ' ಎಂದು ಉಪದೇಶ ಮಾಡುವ ನೆಂಟರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ.

ಆಸ್ಪತ್ರೆಯಲ್ಲಿ ನನ್ನ ಯಜಮಾನರಿಗೆ ಕುಡಿತದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ಅವರು ಸಿಟ್ಟಾಗಿ ಎದ್ದು ಬಂದರು. ಇಷ್ಟು ಕಾಯಿಲೆಯಾದ ಮೇಲೆ ಇದನ್ನೆಲ್ಲ ಕೇಳಿ ಅವಮಾನ ಮಾಡಬೇಕೇ?
— ಗೃಹಿಣಿ, ಬೆಂಗಳೂರು

ಉತ್ತರ: ಆ ನಾಲ್ಕು ಪ್ರಶ್ನೆಗಳು ಬಹುಶಃ ಇವು. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಯಾರಾದರೂ ಅದನ್ನು ಆಡಿಕೊಂಡಾಗ ಕಿರಿಕಿರಿಯಾಗಿದೆಯೇ? ಕುಡಿದದ್ದಕ್ಕೆ ತಪ್ಪಿತಸ್ಥ ಭಾವನೆ ಬಂದಿದೆಯೇ? ನಡುಕ ನಿಲ್ಲಿಸಲೋ ಮೈ ಹಗುರಾಗಲೋ ಬೆಳಿಗ್ಗೆ ಎದ್ದೊಡನೆ ಕುಡಿದದ್ದಿದೆಯೇ? ಇದನ್ನು 'ಕೇಜ್' ಪ್ರಶ್ನಾವಳಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ ರೂಪಿಸಿ 1984ರಲ್ಲಿ ವಿವರಿಸಿದ್ದು. ಎರಡಕ್ಕೆ ಹೌದು ಎಂದರೆ ಮುಂದೆ ವಿಚಾರಿಸಬೇಕೆಂದು ಅರ್ಥ. ಸಿಟ್ಟಾಗಿ ಎದ್ದು ಬಂದ ನಿಮ್ಮ ಯಜಮಾನರು ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟೇ ಬಂದಂತಾಯಿತು.

ಕೇಳುವುದಕ್ಕೆ ಕಾರಣವಿದೆ. ಕೆನಡಾದ ಎಡ್ಮಂಟನ್‌ನಲ್ಲಿ ಎಡ್ವಾರ್ಡೊ ಬ್ರುವೇರಾ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಹಂತದ ಕ್ಯಾನ್ಸರ್ ನೋವಿನಿಂದ ದಾಖಲಾದವರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಮದ್ಯದ ಸಮಸ್ಯೆ ಇದ್ದದ್ದು ಇಂಥ ಪ್ರಶ್ನೆಗಳಿಂದ ತಿಳಿದುಬಂತು. ಅವರಲ್ಲಿ ಸುಮಾರು ಮೂರನೇ ಒಂದರಷ್ಟು ಜನರ ವಿಷಯ ಮಾತ್ರ ಹಿಂದಿನ ದಾಖಲೆಗಳಲ್ಲಿತ್ತು. ಕುಡಿತದ ಹಿನ್ನೆಲೆಯವರು ಮನಸ್ಸಿನ ಸಂಕಟಕ್ಕೂ ನೋವಿನ ಮಾತ್ರೆಯನ್ನೇ ನೆಚ್ಚುವ ಸಂಭವ ಹೆಚ್ಚು. ಅದು ಗೊತ್ತಿಲ್ಲದ ವೈದ್ಯ 'ನೋವು ಇಳಿದಿಲ್ಲ' ಎಂದು ಪ್ರಮಾಣ ಏರಿಸುತ್ತಲೇ ಹೋಗುತ್ತಾನೆ, ರೋಗಿ ಮಂಕಾಗುತ್ತಲೇ ಹೋಗುತ್ತಾನೆ.

ಆದರೆ ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ, ಹೆಂಡತಿ, ಅಳಿಯ, ಹಿಂದೆ ನಿಂತ ಹತ್ತು ಜನರೆದುರು ಇವನ್ನು ಕೇಳಿದರೆ ಅವಮಾನವೇ. ಮುಂದಿನ ಸಲ ಒಬ್ಬರನ್ನೇ ಕೂರಿಸಿ ಮಾತನಾಡಿ ಎಂದು ವೈದ್ಯರಿಗೆ ನೀವೇ ಹೇಳಿ. ಹೆಂಗಸರ ವಿಷಯದಲ್ಲಿ ಇದರ ತಿರುವುಮುರುವು ನಡೆಯುತ್ತದೆ: ಸೀರೆ ಉಟ್ಟವರು ಕುಡಿಯುವುದಿಲ್ಲವೆಂದು ನಾವೇ ತೀರ್ಮಾನಿಸಿ ಕೇಳುವುದೇ ಇಲ್ಲ.

ಕುಡಿತ ಬಿಡಿಸುವ ಪುಡಿಯನ್ನು ಸಾರಿನಲ್ಲಿ ಕಲಸಿ ಕೊಡಬಹುದೇ? ರೋಗಿಗೆ ಗೊತ್ತಾಗುವುದಿಲ್ಲ ಎಂದು ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿದೆ. ಅಥವಾ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸೋಣವೇ? ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್, ಮಾರ್ಫಿನ್ ನಡೆಯುತ್ತಿದೆ.
— ಸೊಸೆ, ತುಮಕೂರು ಜಿಲ್ಲೆ

ಉತ್ತರ: ಪುಡಿ ಬೇಡ. ಅದರಲ್ಲಿ ಏನಿದೆಯೆಂದು ಕೊಡುವವರು ಹೇಳುವುದಿಲ್ಲ. ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಬಲಹೀನ ದೇಹ ಅದನ್ನು ತಡೆಯಲಾರದು. ಆ ಔಷಧವನ್ನು ಗಟ್ಟಿಮುಟ್ಟಾದ ರೋಗಿಗೂ ಅವನ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ.

ವ್ಯಸನಮುಕ್ತಿ ಕೇಂದ್ರದ ವೈದ್ಯರ ಸಲಹೆ ಖಂಡಿತ ಪಡೆಯಿರಿ, ಆದರೆ ಮಾರ್ಫಿನ್ ಚೀಟಿಯನ್ನು ಮೊದಲು ಅವರ ಕೈಗೆ ಕೊಡಿ. ಕುಡಿತದ ಬಯಕೆ ತಗ್ಗಿಸಲು ಅಲ್ಲಿ ಸಾಮಾನ್ಯವಾಗಿ ಬಳಸುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಮಾರ್ಫಿನ್ ಕೆಲಸ ಮಾಡುವ ಜಾಗವನ್ನೇ ಮುಚ್ಚಿಬಿಡುತ್ತದೆ. ಒಂದು ಮಾತ್ರೆ ಸಾಕು, ನೋವು ಒಮ್ಮೆಲೇ ಕೆರಳಿ, ಬೇಧಿ, ಬೆವರು, ತಳಮಳ ಶುರುವಾಗುತ್ತವೆ. ಅಕಾಂಪ್ರೊಸೇಟ್‌ನಂಥ, ಮಾರ್ಫಿನ್‌ಗೆ ಅಡ್ಡಿಯಾಗದ ಔಷಧಗಳಿವೆ. ಮೂತ್ರಪಿಂಡ ಸರಿಯಿದ್ದರೆ ಅವನ್ನು ಯೋಚಿಸಬಹುದು. ವ್ಯಸನಕ್ಕೆ ಸರ್ಕಾರದ ಸಹಾಯವಾಣಿ 14446, ಮನೆಯವರ ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416.

ನಾನೇ ರೋಗಿ. ಗಂಟಲಿನ ಕ್ಯಾನ್ಸರ್. ಕುಡಿತದಿಂದಲೇ ಬಂತೇ? ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನೋಡುವ ನೋಟದಲ್ಲಿ ಅದೇ ಇರುತ್ತದೆ. ಈಗ ಕುಡಿಯುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ನೋವಿಲ್ಲದಿದ್ದರೂ ಒಂದು ಮಾರ್ಫಿನ್ ಹೆಚ್ಚಿಗೆ ನುಂಗುತ್ತೇನೆ. ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲಿಸಿಬಿಟ್ಟಾರೆಂದು ಭಯ.
— ನಿವೃತ್ತ ನೌಕರ, ಉತ್ತರ ಕನ್ನಡ

ಉತ್ತರ: ಮದ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1988ರಲ್ಲೇ ಘೋಷಿಸಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು, ಹೆಂಗಸರಲ್ಲಿ ಸ್ತನ, ಇವುಗಳ ಕ್ಯಾನ್ಸರ್‌ಗೆ ಅದು ಕಾರಣವಾಗುತ್ತದೆ; ಬೀಡಿ, ಹೊಗೆಸೊಪ್ಪು ಜೊತೆಗೂಡಿದರೆ ಅಪಾಯ ಹಲವು ಪಟ್ಟು. ನಿಮ್ಮ ಕಾಯಿಲೆಯಲ್ಲಿ ಕುಡಿತದ ಪಾಲಿರುವ ಸಾಧ್ಯತೆ ಇದೆ. ಇಲ್ಲವೆಂದು ಸುಳ್ಳು ಸಮಾಧಾನ ಹೇಳಿದರೆ ನೀವು ನಂಬುವುದೂ ಇಲ್ಲ. ಇಂಥವರಲ್ಲಿ ಇದರಿಂದಲೇ ಬಂತೆಂದು ಬೊಟ್ಟುಮಾಡಿ ತೋರಿಸುವ ಪರೀಕ್ಷೆಯೂ ಇಲ್ಲ. ಹೆಂಡತಿಯ ನೋಟದಲ್ಲಿ ಇರುವುದು ಆರೋಪವೋ ಭಯವೋ ಎಂಬುದನ್ನು ನೀವು ಕೇಳಿದಂತಿಲ್ಲ. ಎಷ್ಟೋ ಮನೆಗಳಲ್ಲಿ ನಾನು ಆ ಪ್ರಶ್ನೆಯನ್ನು ರೋಗಿಯ ಎದುರೇ ಹೆಂಡತಿಗೆ ಕೇಳಿದ್ದೇನೆ. 'ಇವರು ಹೋದ ಮೇಲೆ ಸಾಲದವರು ಮನೆಗೆ ಬರುತ್ತಾರಾ ಎಂದು ಯೋಚಿಸುತ್ತಿದ್ದೆ' ಎಂಬಂಥ ಉತ್ತರ ಬಂದದ್ದೇ ಹೆಚ್ಚು.

ಮಾತ್ರೆಯ ವಿಷಯ ಗಂಭೀರ. ಹೊಟ್ಟೆಯಲ್ಲಿ ಮದ್ಯವಿರುವಾಗ ಹೆಚ್ಚಿಗೆ ನುಂಗಿದ ಒಂದು ಮಾರ್ಫಿನ್ ನಿದ್ದೆಯಲ್ಲೇ ಉಸಿರನ್ನು ತಗ್ಗಿಸಬಲ್ಲದು. ನಿದ್ದೆಗೆಡಿಸುವುದು ನೋವಲ್ಲ ಎಂದು ನಿಮಗೇ ಗೊತ್ತಿದೆ. ಭಯ, ಖಿನ್ನತೆ, ನಿದ್ರಾಹೀನತೆ ಇವುಗಳಿಗೆ ಬೇರೆ ಔಷಧಗಳಿವೆ, ಮಾತನಾಡಲು ಆಪ್ತಸಮಾಲೋಚಕರಿದ್ದಾರೆ. ಹೇಳಿದರೆ ಮಾರ್ಫಿನ್ ನಿಲ್ಲಿಸುತ್ತಾರೆಂಬ ಭಯ ಬೇಡ. ಕ್ಯಾನ್ಸರ್ ನೋವಿರುವವರಿಗೆ ಕುಡಿಯುತ್ತಾರೆಂಬ ಕಾರಣಕ್ಕೆ ಅದನ್ನು ನಿರಾಕರಿಸುವುದು ಸರಿಯಾದ ವೈದ್ಯಕೀಯವಲ್ಲ. 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿ ತಂದದ್ದೇ ನಿಮ್ಮಂಥವರಿಗೆ ಈ ಮಾತ್ರೆ ಸುಲಭವಾಗಿ ಸಿಗಲೆಂದು. ಬಹುಶಃ ತಿಂಗಳಿನ ಬದಲು ವಾರಕ್ಕಾಗುವಷ್ಟು ಕೊಡುತ್ತಾರೆ, ಡಬ್ಬಿಯನ್ನು ಹೆಂಡತಿಯೋ ಮಗನೋ ಬೀಗ ಹಾಕಿ ಇಟ್ಟುಕೊಳ್ಳಲಿ ಎನ್ನುತ್ತಾರೆ, ಉಳಿದ ಮಾತ್ರೆ ಎಣಿಸುತ್ತಾರೆ. ಅಷ್ಟನ್ನು ಸಹಿಸಿಕೊಳ್ಳಿ. ಕುಡಿತವನ್ನೂ ಒಂದೇ ಏಟಿಗೆ ನಿಲ್ಲಿಸಲು ಹೋಗಬೇಡಿ. ಕಾರಣವನ್ನು ಮೊದಲ ಉತ್ತರದಲ್ಲಿ ಬರೆದಿದ್ದೇನೆ.

ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ, ನನಗೆ ಬರೆದ ಆ ಐದಾರು ಸಾಲುಗಳನ್ನೇ ಒಂದು ಹಾಳೆಯಲ್ಲಿ ಮತ್ತೆ ಬರೆದು, ಕೊನೆಯ ಸಲ ಯಾವಾಗ ಎಷ್ಟು ಕುಡಿದಿರಿ ಎಂಬುದನ್ನೂ ಸೇರಿಸಿ, ಮುಂದಿನ ಸಲ ಮಾತ್ರೆ ತರಲು ಹೋದಾಗ ಚೀಟಿಯ ಜೊತೆಗಿಟ್ಟು ವೈದ್ಯರ ಮೇಜಿನ ಮೇಲೆ ಇಡಿ.